ಒಂದೇ ಪ್ರಶ್ನೆ, ಎರಡು ಸಲ

ಹೋದ ತಿಂಗಳು, ಸಿನಿಮಾಗೆ ಬರೆಯಬೇಕು ಅಂತ ಆಸೆ ಇಟ್ಟುಕೊಂಡ 30 ಜನ ಹುಡುಗ ಹುಡುಗಿಯರ ಮುಂದೆ ಮಾತಾಡಿದ್ದೆ. ಅದರ ಬರಹ ರೂಪ ಇದು. ತೊದಲಿದ್ದನ್ನು ತೆಗೆದಿದ್ದೇನೆ, ಅಡ್ಡದಾರಿ ಹಿಡಿದದ್ದನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನ ಮೊದಲ ಚಿತ್ರಕಥೆಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಅದು ಸಿನಿಮಾ ಆಗಲಿಲ್ಲ. ಒಬ್ಬ ಲಾರಿ ಡ್ರೈವರ್, ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಹೊರಡುವ ಕಥೆ. 138 ಪುಟ. ಬೈಂಡಿಂಗ್ ಮಾಡಿಸಿ, ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿಕೊಂಡು ಗಾಂಧಿನಗರದ ಒಂದು ಆಫೀಸಿಗೆ ನರೇಷನ್ ಕೊಡಲು ಹೋದೆ. ಎರಡೂವರೆ ಗಂಟೆ ಹೇಳಿದೆ. ಫೈಟಿಗೆ ಫೈಟು, ಮಳೆಗೆ ಮಳೆ, ನಾನೇ ಬಾಯಲ್ಲಿ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಬೇರೆ ಹಾಕುತ್ತಿದ್ದೆ. ನಿರ್ಮಾಪಕರು ಅಷ್ಟೂ ಹೊತ್ತು ಪೇಪರ್ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಕೇಳುತ್ತಿಲ್ಲ ಅಂದುಕೊಂಡೆ. ಕೇಳುತ್ತಿದ್ದರು.

"ಕಥೇಲಿ ಎಲ್ಲಾ ಆಗುತ್ತಪ್ಪಾ," ಅಂದರು. "ಆಕ್ಸಿಡೆಂಟ್ ಆಗುತ್ತೆ, ಮಳೆ ಬರುತ್ತೆ, ಪೊಲೀಸ್ ಬರ್ತಾರೆ, ಗೋಡೌನಿಗೆ ಬೆಂಕಿ ಬೀಳುತ್ತೆ. ನಿಮ್ಮ ಹೀರೋ ಏನು ಮಾಡ್ತಾನೆ?"

"ತಮ್ಮನ್ನ ಹುಡುಕ್ತಾನೆ ಸಾರ್."

"ಅದು ಗೊತ್ತಾಯ್ತು. ಸಾಕು ಬಿಡು, ವಾಪಸ್ ಹೋಗೋಣ ಅಂತ ಅವನಿಗೆ ಯಾವತ್ತಾದ್ರೂ ಅನ್ನಿಸುತ್ತಾ?"

ನಾನು ಸ್ಕ್ರಿಪ್ಟ್ ತಿರುವಿದೆ. ಹಿಂದೆ ಮುಂದೆ ತಿರುವಿದೆ. ಅನ್ನಿಸುವುದೇ ಇಲ್ಲ! 138 ಪುಟದಲ್ಲಿ ಒಂದು ಕಡೆಯೂ ಅವನು ಯೋಚನೆ ಮಾಡುವುದಿಲ್ಲ, ಹಿಂಜರಿಯುವುದಿಲ್ಲ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಿಲ್ಲ. ಅವನ ಲಾರಿಗೂ ಅವನಿಗೂ ಏನೂ ವ್ಯತ್ಯಾಸ ಇರಲಿಲ್ಲ. ಯಾರೋ ಗೇರ್ ಹಾಕಿದರು, ಹೋಗುತ್ತಿದ್ದಾನೆ.

ಆಮೇಲೆ ಹೊಟ್ಟೆಪಾಡಿಗೆ ಸೀರಿಯಲ್ ಕಡೆ ಹೋದೆ. ದಿನಕ್ಕೊಂದು ಎಪಿಸೋಡಿಗೆ ಸಂಭಾಷಣೆ ಬರೆಯುವುದು ಅಂದರೆ ಹೋಟೆಲಿನಲ್ಲಿ ದೋಸೆ ಹುಯ್ದ ಹಾಗೆ, ಕಾವಲಿ ಆರುವ ಹಾಗಿಲ್ಲ. ಅಲ್ಲಿ ಕೈ ಪಳಗಿತು, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲೂ ಅದೇ ರೋಗ. ಎಪಿಸೋಡಿನ ಕೊನೆಗೆ ಯಾರೋ ಬಾಗಿಲಲ್ಲಿ ನಿಲ್ಲುತ್ತಾರೆ, ಮನೆಮಂದಿಯ ಮುಖವೆಲ್ಲಾ ಒಂದೊಂದಾಗಿ ಬರುತ್ತದೆ, ಫ್ರೀಜ್. ಆಘಾತ ಆಗುತ್ತಲೇ ಇರುತ್ತದೆ, ಯಾರೂ ಏನನ್ನೂ ತೀರ್ಮಾನ ಮಾಡುವುದಿಲ್ಲ. ಅವರೆಕಾಯಿ ನಿರ್ಮಾಪಕರ ಪ್ರಶ್ನೆ ಪೂರ್ತಿ ಅರ್ಥವಾಗಲು ನನಗೆ ಆರೇಳು ವರ್ಷ ಬೇಕಾಯಿತು.

ಇವತ್ತು ನಾನು ಹೇಳುವುದು ಇಷ್ಟೇ. ನಿಮ್ಮ ಮುಖ್ಯ ಪಾತ್ರಕ್ಕೆ ಒಂದು ಪ್ರಶ್ನೆ ಎದುರಾಗಬೇಕು. ಸುಲಭದ್ದಲ್ಲ, ಹೌದು ಅಂದರೂ ಏನೋ ಕಳೆದುಕೊಳ್ಳಬೇಕು, ಇಲ್ಲ ಅಂದರೂ ಕಳೆದುಕೊಳ್ಳಬೇಕು. ಅದೇ ಪ್ರಶ್ನೆ ಇನ್ನೊಂದು ಸಲ, ಇನ್ನೂ ಜಾಸ್ತಿ ಬೆಲೆಗೆ, ಎದುರಾಗಬೇಕು. ಈ ಎರಡು ಉತ್ತರಗಳ ನಡುವೆ ಇರುವುದೇ ಚಿತ್ರಕಥೆ. ಬಾಕಿದ್ದೆಲ್ಲಾ ಒಗ್ಗರಣೆ.

ಒಗ್ಗರಣೆ ಬೇಡ ಅನ್ನುತ್ತಿಲ್ಲ ಮಾರಾಯ್ರೇ, ಒಗ್ಗರಣೆ ಇಲ್ಲದ ಸಾರು ಯಾರಿಗೆ ಬೇಕು.

ಈಗ ರಚನೆ ವಿಷಯ. ಚಿತ್ರಕಥೆ ಕಲಿಯಬೇಕು ಅಂದ ಕೂಡಲೇ ಎಲ್ಲರ ಕೈಗೂ ಮೊದಲು ಸಿಗುವುದು ಅಮೆರಿಕದ ಲೆಕ್ಕ. ಸಿಡ್ ಫೀಲ್ಡ್ ಅನ್ನುವವರು 1979ರಲ್ಲಿ ಬರೆದ ಕೈಪಿಡಿಯಿಂದ ಜಗತ್ತಿಗೆಲ್ಲಾ ಹಬ್ಬಿದ್ದು. ಒಂದು ಪುಟಕ್ಕೆ ಒಂದು ನಿಮಿಷ. ಒಟ್ಟು 120 ಪುಟ. ಮೊದಲ 30 ಪುಟದಲ್ಲಿ ಜನರ, ಜಾಗದ ಪರಿಚಯ, ನಡುವಿನ 60ರಲ್ಲಿ ಜಗ್ಗಾಟ, ಕೊನೆಯ 30ರಲ್ಲಿ ಇತ್ಯರ್ಥ. ತಪ್ಪೇನೂ ಇಲ್ಲ, ಓದಿ. ಆದರೆ ಆ ಲೆಕ್ಕದಲ್ಲಿ ಇಂಟರ್ವಲ್ ಇಲ್ಲ! ಅಲ್ಲಿನವರು ಒಂದೇ ಏಟಿಗೆ ನೋಡಿ ಎದ್ದು ಹೋಗುತ್ತಾರೆ. ನಮ್ಮಲ್ಲಿ 70-75 ನಿಮಿಷಕ್ಕೆ ಲೈಟ್ ಹತ್ತುತ್ತದೆ, ಜನ ಎದ್ದು ಕ್ಯಾಂಟೀನಿಗೆ ಹೋಗುತ್ತಾರೆ, ಪಾಪ್‌ಕಾರ್ನ್ ಕ್ಯೂನಲ್ಲಿ ನಿಂತು ಮನೆಗೆ ಫೋನ್ ಮಾಡಿ ಕುಕ್ಕರ್ ಇಟ್ಟುಬಿಡು ಅನ್ನುತ್ತಾರೆ, ಮೊದಲರ್ಧ ಹೇಗಿದೆ ಅಂತ ಯಾರಿಗೋ ಮೆಸೇಜ್ ಹಾಕುತ್ತಾರೆ. ಅಷ್ಟು ಹೊತ್ತು ಅವರು ನಿಮ್ಮ ಕಥೆಯಿಂದ ಪೂರ್ತಿ ಹೊರಗೆ. ಅಂದರೆ ನಾವು ಒಂದೇ ಕಥೆಯನ್ನು ಎರಡು ಸಲ ಶುರು ಮಾಡಬೇಕು.

ಇದಕ್ಕೆ ಗಾಂಧಿನಗರದ ಉತ್ತರ ಇಂಟರ್ವಲ್ ಬ್ಯಾಂಗ್. ಯಾರಿಗೋ ಗುಂಡು ಬೀಳುತ್ತದೆ. ಇಲ್ಲಾ, ಅಷ್ಟು ಹೊತ್ತು ಪೆದ್ದನ ಹಾಗಿದ್ದವನು ಮಚ್ಚು ಹಿಡಿದು ತಿರುಗಿ ನೋಡುತ್ತಾನೆ. ಶಿಳ್ಳೆ ಬೀಳುತ್ತದೆ, ನಾನೂ ಹೊಡೆದಿದ್ದೇನೆ. ತೊಂದರೆ ಏನಂದರೆ ಆ ಸದ್ದು ಕ್ಯಾಂಟೀನಿನವರೆಗೂ ಬರುವುದಿಲ್ಲ. ಟೀ ಕುಡಿಯುವಷ್ಟರಲ್ಲಿ ಆರುತ್ತದೆ. ಸಿನಿಮಾ ಬಿಟ್ಟ ಮೇಲೆ ಗೇಟಿನ ಹತ್ತಿರ ಕೇಳುವ ಮಾತು ಒಂದಿದೆಯಲ್ಲಾ, "ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್ ಗುರು" ಅಂತ? ಆ ಲ್ಯಾಗ್ ಬಹಳ ಸಲ ಸೆಕೆಂಡ್ ಹಾಫಿನದ್ದಲ್ಲ. ಮೊದಲರ್ಧದಲ್ಲಿ ಯಾರಿಗೂ ಏನನ್ನೂ ಕೇಳಿಲ್ಲ, ಹಾಗಾಗಿ ಎರಡನೇ ಅರ್ಧದಲ್ಲಿ ಕೊಡಲು ಉತ್ತರವೇ ಇಲ್ಲ. ಪ್ರೇಕ್ಷಕ ಕ್ಯೂನಲ್ಲಿ ನಿಂತಾಗ "ಮುಂದೇನಾಗುತ್ತೋ" ಅಂದುಕೊಂಡರೆ ಪರವಾಗಿಲ್ಲ, ಪಾಸ್. "ನಾನಾಗಿದ್ದರೆ ಏನು ಮಾಡುತ್ತಿದ್ದೆ" ಅಂದುಕೊಂಡರೆ ಅವನು ಟೀ ಅರ್ಧಕ್ಕೆ ಬಿಟ್ಟು ಒಳಗೆ ಬರುತ್ತಾನೆ.

ಉದಾಹರಣೆ ಕೊಡುತ್ತೇನೆ. ನಿಮ್ಮ ಅಪ್ಪ ಅಮ್ಮನೂ ನೋಡಿರುವ ಸಿನಿಮಾ. 1972ರ 'ನಾಗರಹಾವು'. ಪುಟ್ಟಣ್ಣ ಕಣಗಾಲ್ ಅವರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು. ಮೂರು ಕಾದಂಬರಿ ಅಂದರೆ ಎಷ್ಟು ಘಟನೆ, ಎಷ್ಟು ಜನ ಯೋಚಿಸಿ. ಆದರೂ ಸಿನಿಮಾ ಚೆಲ್ಲಾಪಿಲ್ಲಿ ಆಗಲಿಲ್ಲ. ಯಾಕೆ?

ರಾಮಾಚಾರಿ ಯಾರಿಗೂ ಬಗ್ಗದ ಹುಡುಗ. ಕಾಲೇಜಿಗೆ ಬಗ್ಗುವುದಿಲ್ಲ, ಊರಿಗೆ ಬಗ್ಗುವುದಿಲ್ಲ. ಬಗ್ಗುವುದು ಒಬ್ಬರಿಗೆ ಮಾತ್ರ, ಚಾಮಯ್ಯ ಮೇಷ್ಟ್ರಿಗೆ. ಈಗ ಬರೆಯುವವನ ಕಣ್ಣಿನಿಂದ ನೋಡಿ. ಇವನನ್ನು ಕಷ್ಟಕ್ಕೆ ಸಿಕ್ಕಿಸಬೇಕು ಅಂದರೆ ಯಾರನ್ನು ಕರೆತರಬೇಕು? ರೌಡಿಯನ್ನೇ? ರೌಡಿ ಬಂದರೆ ಅವನಿಗೆ ಹಬ್ಬ. ಬರಬೇಕಾದ್ದು ಮೇಷ್ಟ್ರೇ. ಅಲಮೇಲುವನ್ನು ಬಿಟ್ಟುಬಿಡು ಅಂತ ಅವರೇ ಕೇಳುತ್ತಾರೆ. ಪ್ರೀತಿಯೋ ಗುರುವೋ? ಅವನು ಗುರುವಿನ ಮಾತು ಕೇಳುತ್ತಾನೆ. ಅಲಮೇಲು ಬೇರೆಯವನನ್ನು ಮದುವೆಯಾಗುತ್ತಾಳೆ, ಅವಳ ಬಾಳು ನರಕವಾಗುತ್ತದೆ, ಅದನ್ನು ರಾಮಾಚಾರಿ ಕಣ್ಣಾರೆ ನೋಡುತ್ತಾನೆ. ಆಮೇಲೆ ಮಾರ್ಗರೆಟ್ ಬರುತ್ತಾಳೆ. ಮೇಷ್ಟ್ರು ಮತ್ತೆ ಬರುತ್ತಾರೆ. ಮತ್ತೆ ಅದೇ ಮಾತು, ಬಿಟ್ಟುಬಿಡು. ಪ್ರಶ್ನೆ ಒಂದಕ್ಷರವೂ ಬದಲಾಗಿಲ್ಲ. ಬದಲಾಗಿರುವುದು ಕೇಳಿಸಿಕೊಳ್ಳುವವನು. ಮೊದಲ ಸಲ ಹೌದು ಅಂದದ್ದಕ್ಕೆ ಎಷ್ಟು ಬೆಲೆ ತೆತ್ತಾಯಿತು ಅಂತ ಅವನಿಗೂ ಗೊತ್ತು, ನಮಗೂ ಗೊತ್ತು. ಅದಕ್ಕೇ ಚಿತ್ರದುರ್ಗದ ಬೆಟ್ಟದ ಮೇಲಿನ ಆ ಕೊನೆ ಅಷ್ಟು ತಟ್ಟುವುದು. ಮೂರು ಜೀವ ಹೋಗುತ್ತದೆ, ಆದರೆ ಎದೆಗೆ ಬೀಳುವುದು ಸಾವಲ್ಲ, "ಇಲ್ಲ" ಅನ್ನುವ ಉತ್ತರ.

ಪಾತ್ರ ಬೇರೆ, ರಚನೆ ಬೇರೆ ಅಂತ ಎರಡು ನೋಟ್‌ಬುಕ್ ಇಟ್ಟುಕೊಂಡು ಬರೆಯುವವರನ್ನು ನೋಡಿದ್ದೇನೆ. ಪಾತ್ರದ ನೋಟ್‌ಬುಕ್ಕಿನಲ್ಲಿ ಹುಟ್ಟಿದ ತಾರೀಖು, ಇಷ್ಟದ ಬಣ್ಣ, ಚಿಕ್ಕಂದಿನಲ್ಲಿ ನಾಯಿ ಕಚ್ಚಿತ್ತು ಅಂತೆಲ್ಲಾ ಇರುತ್ತದೆ. ನಾಯಿ ಕಚ್ಚಿದ್ದು ಕಥೆಗೆ ಬರುವುದಾದರೆ ಬರೆಯಿರಿ, ಇಲ್ಲದಿದ್ದರೆ ಸುಮ್ನೆ ಯಾಕೆ? ನನಗೆ ಬೇಕಿರುವುದು ಒಂದೇ: ಇವನು ಯಾರ ಮಾತಿಗೆ ಬಗ್ಗುತ್ತಾನೆ? ಅದು ಗೊತ್ತಾದರೆ ಕಥೆಯ ಅರ್ಧ ರಚನೆ ಸಿಕ್ಕ ಹಾಗೆ.

ಹಾಗಾದರೆ ಎರಡನೇ ಉತ್ತರ ಬೇರೆಯೇ ಆಗಬೇಕಾ, ಪಾತ್ರ ಬದಲಾಗಲೇಬೇಕಾ ಅಂತ ಒಬ್ಬರು ಇಲ್ಲೇ ಕೇಳಿದರು. ಒಳ್ಳೆಯ ಪ್ರಶ್ನೆ. ಬೇಕಾಗಿಲ್ಲ. ಅದಕ್ಕೆ ನಮ್ಮಲ್ಲಿ ಸಾವಿರ ವರ್ಷದ ಹಿಂದಿನ ಚಿತ್ರಕಥೆಯೇ ಇದೆ. ನಗಬೇಡಿ. ರನ್ನನ 'ಗದಾಯುದ್ಧ'. ಶಾಲೆಯಲ್ಲಿ ಐದು ಅಂಕಕ್ಕೆ ಸಂದರ್ಭ ಬರೆದು ಮರೆತುಬಿಟ್ಟಿದ್ದೇವೆ ಅಷ್ಟೆ.

ರನ್ನ ಮಾಡಿದ ಮೊದಲ ಕೆಲಸ, ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅಂತ ತೀರ್ಮಾನಿಸಿದ್ದು. ಇಡೀ ಮಹಾಭಾರತ ಕಣ್ಣ ಮುಂದಿದೆ. ಪಂಪ ತನ್ನ ಭಾರತದ ಕೊನೆಯ ಭಾಗದಲ್ಲಿ ಹೇಳಿ ಮುಗಿಸಿದ್ದನ್ನು ಇವನು ಹತ್ತು ಆಶ್ವಾಸದ, ಅಂದರೆ ಹತ್ತು ಅಧ್ಯಾಯದ, ಕಾವ್ಯ ಮಾಡುತ್ತಾನೆ. ಯುದ್ಧ ಹೆಚ್ಚೂಕಮ್ಮಿ ಮುಗಿದಿದೆ. ಉಳಿದಿರುವುದು ಒಂದು ಜಗಳ. ಅಲ್ಲಿ ನಿಂತು, ಹಿಂದಿನದನ್ನೆಲ್ಲಾ ಸಿಂಹ ಕತ್ತು ತಿರುಗಿಸಿ ನೋಡಿದ ಹಾಗೆ ನೋಡುತ್ತಾನೆ. ಸಿಂಹಾವಲೋಕನ ಅನ್ನುವ ಮಾತನ್ನು ಅವನೇ ಬಳಸಿದ್ದಾನೆ. ನಾವು ಫ್ಲ್ಯಾಶ್‌ಬ್ಯಾಕ್ ಅನ್ನುತ್ತೇವೆ. ಆದರೆ ಸಿಂಹ ಹಿಂದೆ ನೋಡುವಾಗ ನಡೆಯುವುದನ್ನು ನಿಲ್ಲಿಸುವುದಿಲ್ಲ, ನಮ್ಮ ಫ್ಲ್ಯಾಶ್‌ಬ್ಯಾಕ್‌ಗಳು ಚಾಪೆ ಹಾಸಿಕೊಂಡು ಮಲಗಿಬಿಡುತ್ತವೆ.

ಆಮೇಲೆ ದುರ್ಯೋಧನನಿಗೆ ಪ್ರಶ್ನೆ ಬರುತ್ತದೆ. ಸಂಧಿ ಮಾಡಿಕೋ. ಮೊದಲು ಅಪ್ಪ ಅಮ್ಮ ಬಂದು ಕೇಳುತ್ತಾರೆ. ಧೃತರಾಷ್ಟ್ರ, ಗಾಂಧಾರಿ. ಇಲ್ಲ ಅನ್ನುತ್ತಾನೆ. ಸರಿ, ತಾತನನ್ನು ನೋಡಿಬಾ ಅಂತ ಆಗುತ್ತದೆ. ಶರಶಯ್ಯೆಯ ಮೇಲಿರುವ ಭೀಷ್ಮರನ್ನು ನೋಡಲು ಸಂಜಯನ ಜೊತೆ ಹೊರಡುತ್ತಾನೆ. ದಾರಿ ಯಾವುದು? ರಣರಂಗದ ನಡುವೆ, ಹೆಣಗಳ ನಡುವೆ. ಇದನ್ನು ಬರೆದವನ ಕೈಗೆ ಮುತ್ತಿಡಬೇಕು ಅನ್ನಿಸುತ್ತದೆ ನನಗೆ. ಯಾಕಂದರೆ ಪ್ರಶ್ನೆಯಿಂದ ಪ್ರಶ್ನೆಗೆ ಹೋಗುವ ದಾರಿಯಲ್ಲಿ ಅವನು ತೆತ್ತ ಬೆಲೆಯನ್ನೆಲ್ಲಾ ಸಾಲಾಗಿ ಮಲಗಿಸಿದ್ದಾನೆ ರನ್ನ. ದ್ರೋಣ. ದುಶ್ಶಾಸನ. ಸ್ವಂತ ಮಗ ಲಕ್ಷಣಕುಮಾರ: ಮಗ ಅಪ್ಪನಿಗೆ ಎಳ್ಳುನೀರು ಬಿಡಬೇಕಾದದ್ದು, ಇಲ್ಲಿ ಅಪ್ಪ ಮಗನಿಗೆ ಬಿಡುವ ಹಾಗಾಯಿತಲ್ಲಾ ಅಂತ ಅಳುತ್ತಾನೆ. ಕರ್ಣ, ಅಲ್ಲಂತೂ ಹೆಜ್ಜೆ ಮುಂದಕ್ಕೆ ಹೋಗುವುದೇ ಇಲ್ಲ. ನಡುವೆ ಅಭಿಮನ್ಯು ಸಿಗುತ್ತಾನೆ, ಶತ್ರುವಿನ ಮಗ. ಅವನ ಮುಂದೆ ನಿಂತು ಕೈಮುಗಿದು, ಸತ್ತರೆ ನಿನ್ನ ಹಾಗೆ ಸಾಯಬೇಕು ಅನ್ನುತ್ತಾನೆ. ಅಷ್ಟೇ ಸಾಕು. ಇಷ್ಟು ದಿನ ವಿಲನ್ ಅಂದುಕೊಂಡವನ ಪಕ್ಕ ನಾವು ನಡೆಯಲು ಶುರು ಮಾಡಿರುತ್ತೇವೆ. ಅವನು ಒಳ್ಳೆಯವನು ಅಂತ ಯಾರ ಬಾಯಲ್ಲೂ ಹೇಳಿಸಲಿಲ್ಲ ನೋಡಿ.

ಕೊನೆಗೆ ಭೀಷ್ಮರೂ ಅದನ್ನೇ ಕೇಳುತ್ತಾರೆ, ಸಂಧಿ ಮಾಡಿಕೋ. ಉತ್ತರ ಮತ್ತೆ ಇಲ್ಲ. ಆದರೆ ಈಗ ಹೇಳುವುದು, ನಾನು ಹೋರಾಡುವುದು ನೆಲಕ್ಕಲ್ಲ, ಛಲಕ್ಕೆ ಅಂತ. ಮೊದಲ "ಇಲ್ಲ"ದಲ್ಲಿ ಹಟ ಇತ್ತು. ಈ "ಇಲ್ಲ"ದಲ್ಲಿ ಇಷ್ಟು ಹೆಣ ದಾಟಿ ಬಂದವನು ಇನ್ನು ಏನು ಇಟ್ಟುಕೊಂಡು ವಾಪಸ್ ಹೋಗಲಿ ಅನ್ನುವುದೂ ಇದೆ. ಉತ್ತರ ಅದೇ, ತೂಕ ಬೇರೆ. ಪಾತ್ರ ಬದಲಾಗಲಿಲ್ಲ, ಅವನನ್ನು ನೋಡುವ ನಾವು ಬದಲಾದೆವು.

ಇನ್ನೊಂದು ಹೇಳದೆ ಮುಂದೆ ಹೋಗಲಾರೆ. ವೈಶಂಪಾಯನ ಸರೋವರದಲ್ಲಿ ಅಡಗಿ ಕೂತವನನ್ನು ಭೀಮ ದಡದಲ್ಲಿ ನಿಂತು ಕರೆಯುತ್ತಾನಲ್ಲಾ, ಆಗ ದುರ್ಯೋಧನನಿಗೆ ಎಷ್ಟು ಸಿಟ್ಟು ಬಂತು ಅಂತ ರನ್ನ ಹೇಗೆ ತೋರಿಸುತ್ತಾನೆ? ನೀರಿನ ಒಳಗಿದ್ದೂ ಬೆವರಿದ! ಅಷ್ಟೇ. ನಾವಾಗಿದ್ದರೆ ಒಂದು ಪುಟ ಡೈಲಾಗ್ ಬರೆದು, ಕಣ್ಣು ಕೆಂಪಗೆ ಮಾಡಿಸಿ, ಕೈ ಮುಷ್ಟಿ ಕಟ್ಟಿಸುತ್ತಿದ್ದೆವು.

ಇನ್ನು ಕೆಲವು ಕಥೆಗಳಲ್ಲಿ ಮುಖ್ಯ ಪಾತ್ರಕ್ಕೆ ಏನೂ ಬೇಡವೇ ಬೇಡ. ಕೈಪಿಡಿಗಳ ಪ್ರಕಾರ ಅದು ಮಹಾಪರಾಧ. 'ತಿಥಿ' ನೋಡಿದ್ದೀರಲ್ಲಾ? ರಾಮ್ ರೆಡ್ಡಿ ನಿರ್ದೇಶನ, ಈರೇಗೌಡ ಅವರ ಜೊತೆ ಸೇರಿ ಬರೆದದ್ದು, ಮಂಡ್ಯದ ಕಡೆಯ ಹಳ್ಳಿಯ ಜನರೇ ನಟಿಸಿದ್ದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ತೆಗೆದುಕೊಂಡಿತು. ಅದರಲ್ಲಿ ಗಡ್ಡಪ್ಪನಿಗೆ ಏನು ಬೇಕು? ಏನೂ ಬೇಡ. ಅಪ್ಪ ಸೆಂಚುರಿ ಗೌಡ ಸತ್ತರೂ ತನ್ನ ಪಾಡಿಗೆ ಅಡ್ಡಾಡುತ್ತಾನೆ. ಆದರೂ ಕಥೆ ಓಡುತ್ತದೆ, ಯಾಕಂದರೆ ಆ ಬೇಡ ಅನ್ನುವುದೇ ಮಗ ತಮ್ಮಣ್ಣನಿಗೆ ಗೋಡೆ. ತಮ್ಮಣ್ಣನಿಗೆ ಜಮೀನು ಬೇಕು. ಅಪ್ಪ ಅಡ್ಡ ನಿಂತಿದ್ದರೆ ಜಗಳ ಆಡಬಹುದಿತ್ತು, ತಲೆಯನ್ನೇ ಕೆಡಿಸಿಕೊಳ್ಳದವನ ಜೊತೆ ಹೇಗೆ ಜಗಳ ಆಡುವುದು? ಅದಕ್ಕೆ ಬದುಕಿರುವ ಅಪ್ಪನಿಗೇ ಸುಳ್ಳು ಮರಣ ಪ್ರಮಾಣಪತ್ರ ಮಾಡಿಸುವವರೆಗೆ ಹೋಗುತ್ತಾನೆ. ಇದಕ್ಕೆಲ್ಲಾ ಗಡಿಯಾರ ಹನ್ನೊಂದನೇ ದಿನದ ತಿಥಿ. ತಡವಾದರೆ ಏನಾಗುತ್ತದೆ ಅಂತ ಯಾರೂ ವಿವರಿಸಬೇಕಿಲ್ಲ, ತಿಥಿಯನ್ನು ಮುಂದಕ್ಕೆ ಹಾಕಲು ಬರುವುದಿಲ್ಲ ಅಂತ ಊರಿಗೆಲ್ಲಾ ಗೊತ್ತು. ಬಾಂಬಿಗೆ ಕಟ್ಟಿದ ಕೆಂಪು ಅಂಕಿಯ ಟೈಮರ್‌ಗಿಂತ ಎಷ್ಟೋ ಚೆನ್ನಾಗಿದೆ, ಅಲ್ವಾ?

ಡೈಲಾಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನನ್ನ ಅನ್ನ ಅದರಿಂದಲೇ ಬಂದಿದ್ದರೂ. ಯಕ್ಷಗಾನದ ಪ್ರಸಂಗದ ಪುಸ್ತಕ ಯಾವತ್ತಾದರೂ ಬಿಡಿಸಿ ನೋಡಿ. ಅದರಲ್ಲಿ ಪದ್ಯ ಮಾತ್ರ ಇರುತ್ತದೆ, ಮಾತು ಇರುವುದಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥ ಹೇಳುವುದು ವೇಷಧಾರಿಯ ಕೆಲಸ, ಆ ರಾತ್ರಿ ಅವನಿಗೆ ಹೊಳೆದ ಹಾಗೆ. ಮಾತಿಲ್ಲದೆಯೂ ಪ್ರಸಂಗ ನಿಲ್ಲುತ್ತದೆ, ಅದು ಮುಖ್ಯ. ನೀವೂ ಸೀನ್ ಆರ್ಡರ್ ಆಗುವವರೆಗೆ ಒಂದು ಸಾಲೂ ಡೈಲಾಗ್ ಬರೆಯಬೇಡಿ. ಅಡುಗೆ ಮನೆಯಲ್ಲಿ ಅಮ್ಮನಿಗೆ ಕಥೆ ಹೇಳಿ. ಅವರು ಸೌಟು ಕೆಳಗಿಟ್ಟ ಜಾಗಕ್ಕೆ ಗುರುತು ಹಾಕಿಕೊಳ್ಳಿ.

ಈಗ ಬೆಳಿಗ್ಗೆ ಇಲ್ಲಿ ಬರೆಸಿದ ಒಂದು ಸೀನ್. ಬರೆದ ಹುಡುಗಿ ಧಾರವಾಡದ ಕಡೆಯವರು, ಅವರ ಒಪ್ಪಿಗೆ ತೆಗೆದುಕೊಂಡೇ ಹೇಳುತ್ತಿದ್ದೇನೆ. ಖಾನಾವಳಿ ನಡೆಸುವ ತಾಯಿ, ಪುಣೆಯಲ್ಲಿ ನೌಕರಿ ಸಿಕ್ಕ ಮಗಳು. ಮೊದಲ ಡ್ರಾಫ್ಟ್ ಹೀಗಿತ್ತು:

"ಅವ್ವಾ, ಅಪ್ಪ ಸತ್ತ ಹನ್ನೆರಡ ವರ್ಷ ಆತು. ನೀ ಈ ಖಾನಾವಳಿ ನಡಸಿ ನನ್ನ ಇಂಜಿನಿಯರಿಂಗ್ ಓದಿಸಿದಿ. ಈಗ ನನಗ ಪುಣೆದಾಗ ನೌಕರಿ ಐತಿ. ನೀ ನನ್ನ ಜೋಡಿ ಬಂದಬಿಡು."

"ಇಲ್ಲವಾ, ಈ ಖಾನಾವಳಿ ಅಂದ್ರ ನನ್ನ ಜೀವ. ಇದನ್ನ ಬಿಟ್ಟು ನಾ ಎಲ್ಲೂ ಬರಂಗಿಲ್ಲ."

ಗಂಡ ಸತ್ತು ಹನ್ನೆರಡು ವರ್ಷ ಆಯಿತು ಅಂತ ಆ ತಾಯಿಗೆ ಗೊತ್ತಿಲ್ಲವೇ? ಮಗಳು ಮಾತಾಡುತ್ತಿರುವುದು ಅವ್ವನ ಜೊತೆ ಅಲ್ಲ, ನಮ್ಮ ಜೊತೆ. ಅದಿರಲಿ, ಪ್ರಶ್ನೆ ಚೆನ್ನಾಗಿದೆ. ಆದರೆ ನಾಲ್ಕನೇ ಸೀನಿನಲ್ಲೇ ತಾಯಿ ಪೂರ್ತಿ ಉತ್ತರ ಕೊಟ್ಟುಬಿಟ್ಟರೆ ಉಳಿದ ಎರಡು ಗಂಟೆ ನಾವೇನು ನೋಡಬೇಕು?

ನಾನು ಸುಮ್ನೆ ಸಣ್ಣ ಸಣ್ಣ ವಿಷಯ ಕೇಳಿದೆ. ಎಷ್ಟು ಹೊತ್ತು? ಮಧ್ಯಾಹ್ನ ಮೂರು, ಊಟದವರೆಲ್ಲಾ ಹೋಗಿದ್ದಾರೆ. ತಾಯಿ ಏನು ಮಾಡುತ್ತಿದ್ದಾಳೆ? ಉಳಿದ ರೊಟ್ಟಿ ಎಣಿಸುತ್ತಿದ್ದಾಳೆ. ಎಷ್ಟು ಉಳಿದಿದೆ? ಅವರು ಸ್ವಲ್ಪ ಯೋಚಿಸಿ "ಏಳು" ಅಂದರು. ಯಾಕೆ ಏಳು? "ದಿನಾ ಬರೋ ಮಾಸ್ತರ ಇವತ್ತ ಬಂದಿಲ್ಲರೀ ಸರ್." ಇಡೀ ಕೋಣೆ ಒಂದು ಕ್ಷಣ ಸುಮ್ಮನಾಯಿತು. ಎರಡನೇ ಡ್ರಾಫ್ಟ್:

"ಅವ್ವಾ, ಎರಡ ರೂಮಿನ ಮನಿ ನೋಡೀನಿ."

"ಏಳ ಉಳದಾವು. ಮಾಸ್ತರ ಬರಲಿಲ್ಲ ಇವತ್ತ."

"ಅಡಗಿಮನಿ ದೊಡ್ಡದೈತಿ ಅಲ್ಲಿ."

"ಆರಾಮ ಅದಾರೋ ಇಲ್ಲೋ. ಪಲ್ಯ ಹಾಕ್ಲೇನ ಇನ್ನೊಂಚೂರ?"

"ಅವ್ವಾ."

"ಉಣ್ಣು ಮೊದಲ."

ಪುಣೆಗೆ ಬಾ ಅಂತ ಮಗಳು ಹೇಳಲಿಲ್ಲ, ಬರುವುದಿಲ್ಲ ಅಂತ ತಾಯಿ ಹೇಳಲಿಲ್ಲ. ಎರಡೂ ಕೇಳಿಸಿತಲ್ಲಾ?

ಇಂಟರ್ವಲ್‌ಗೆ ಇವರು ಖಾನಾವಳಿಯ ಸಿಲಿಂಡರ್ ಸಿಡಿಸಿದ್ದರು. ಅದನ್ನು ತೆಗೆಸಿದೆ. ಸಿಲಿಂಡರ್ ಸಿಡಿದರೆ ತಾಯಿಯ ಪರವಾಗಿ ಬೆಂಕಿಯೇ ತೀರ್ಮಾನ ಮಾಡಿಬಿಡುತ್ತದೆ, ಅವಳಿಗೆ ಏನೂ ಉಳಿಯುವುದಿಲ್ಲ. ಎಲ್ಲರೂ ಸೇರಿ ಒಂದು ಗಂಟೆ ಕಿತ್ತಾಡಿದ ಮೇಲೆ ಸಿಕ್ಕಿದ್ದು ಇದು: ಮಳೆಗಾಲದ ಒಳಗೆ ಖಾನಾವಳಿಯ ಮಾಳಿಗೆ ರಿಪೇರಿ ಮಾಡಿಸಬೇಕು ಅಂತ ಕೂಡಿಟ್ಟ ದುಡ್ಡನ್ನು ತಾಯಿ ಡಬ್ಬಿಯಿಂದ ತೆಗೆದು ಮಗಳ ಕೈಗೆ ಕೊಡುತ್ತಾಳೆ, ಪುಣೆ ಮನೆಯ ಅಡ್ವಾನ್ಸಿಗೆ. ಬರುತ್ತೇನೆ ಅಂತ ಹೇಳುವುದಿಲ್ಲ. ಮಗಳು ಕುಣಿಯುತ್ತಾಳೆ. ನಾವು ತಾಯಿಯ ಮುಖ ನೋಡುತ್ತೇವೆ. ಹೊರಗೆ ಮೋಡ. ಲೈಟ್ ಹತ್ತುತ್ತದೆ, ಹೋಗಿ ಪಾಪ್‌ಕಾರ್ನ್ ತಗೊಳ್ಳಿ.

ಕೊನೆಯ ಸೀನ್ ಊಟದ ಬಿಡುವಿನಲ್ಲಿ ಅವರು ಒಬ್ಬರೇ ಕೂತು ಬರೆದದ್ದು. ಮಗಳ ಬ್ಯಾಗು ಬಾಗಿಲಲ್ಲಿದೆ. ಈ ಸಲ ಮಗಳು ಏನೂ ಕೇಳುವುದಿಲ್ಲ, ಕೇಳಿ ಕೇಳಿ ಸಾಕಾಗಿದೆ ಅವಳಿಗೆ. ತಾಯಿ ಕಟಕ ರೊಟ್ಟಿ ಅರಿವೆಯಲ್ಲಿ ಸುತ್ತಿ, ಶೇಂಗಾ ಚಟ್ನಿಪುಡಿ ಕಟ್ಟಿ, ಬ್ಯಾಗಿನೊಳಗೆ ಬಟ್ಟೆ ಸರಿಸಿ ಜಾಗ ಮಾಡಿ ಇಡುತ್ತಾಳೆ. ಜಿಪ್ ಎಳೆಯುತ್ತಾ, ತಲೆ ಎತ್ತದೆ, ಅವಳೇ ಕೇಳುತ್ತಾಳೆ:

"ಅಲ್ಲೆ ಛಲೋ ಜ್ವಾಳ ಸಿಗತಾವೇನ?"

ಪುಣೆಯಲ್ಲಿ ಜೋಳ ಸಿಗುತ್ತದೆ ಅಂತ ರೊಟ್ಟಿ ಮಾರುವವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅವಳು ಹೌದು ಅಂದಳೋ ಇಲ್ಲ ಅಂದಳೋ ಅಂತ ಇಲ್ಲಿ ಎರಡು ಪಂಗಡ ಆಗಿ ಇನ್ನೂ ವಾದ ನಡೆಯುತ್ತಿದೆ. ಬರೆದವರನ್ನೇ ಕೇಳಿದೆ. "ನನಗೂ ಗೊತ್ತಿಲ್ಲರೀ ಸರ್, ನಾಳೆ ಅವ್ವಗ ಫೋನ್ ಮಾಡಿ ಕೇಳ್ತೀನಿ" ಅಂದರು.